ಚೆಂಡಿನ ಹಿಂದಿನ ಕುರ್ಚಿ

“ಗುರೂಜಿ, ಯೋಗ್ಯತಾ ಇದ್ದಾಂವನ್ನ ಮಂದಿ ನೋಡದ ಹೋದ್ರ, ನೋಡೂಹಂಗ ಮಾಡೂದು ತಪ್ಪೇನ್ರಿ?”

ಮಡಿವಾಳಪ್ಪ ಹೀಗೆ ಕೇಳಿದಾಗ ಗುರುಗಳು ಸಣ್ಣ ಸುತ್ತಿಗೆಯಿಂದ ತಬಲಾದ ಅಂಚು ತಟ್ಟಿ ಶ್ರುತಿಗೆ ಕೂಡಿಸುತ್ತಿದ್ದರು. ತಲೆ ಎತ್ತಲಿಲ್ಲ. ಮಡಿವಾಳಪ್ಪ ಅವರ ಹತ್ತಿರವೇ ಕಲಿತವನು. ಈಗ ತಾನೂ ಹುಡುಗರಿಗೆ ಕಲಿಸುವ ಮಾಸ್ತರನಾಗಿದ್ದ. ಏನಾದರೂ ತಲೆ ಕೆಟ್ಟಾಗ ಮಾತ್ರ ಗುರುಗಳ ಮನೆಯ ಮೆಟ್ಟಿಲು ಹತ್ತುವುದು ಅವನ ರೂಢಿ.

ಈ ಸಲ ತಲೆ ಕೆಡಿಸಿದ್ದು ಅವನ ಶಿಷ್ಯ ಕಲ್ಮೇಶ. ಆ ಹುಡುಗ ಊರೂರು ತಿರುಗಿ, ಸಣ್ಣಪುಟ್ಟ ಕಾರ್ಯಕ್ರಮಗಳಲ್ಲಿ ಹಾಡುವವರಿಗೆ ತಬಲಾ ಸಾಥ್ ಕೊಡುತ್ತಿದ್ದ. ಅವನ ಲಯ ಕೂದಲೆಳೆಯಷ್ಟೂ ಕದಲುತ್ತಿರಲಿಲ್ಲ. ಆದರೆ ಚಪ್ಪಾಳೆ ಹೋಗುತ್ತಿದ್ದದ್ದು ಹಾಡಿದವರಿಗೆ, ಇಲ್ಲವೆ ಸಂದು ಸಿಕ್ಕಲ್ಲೆಲ್ಲ ಕೈಚಳಕ ತೋರಿಸುವ ಬೇರೆ ತಬಲಾದವರಿಗೆ.

“ಮುಂದಿನ ಸಾಲಿನ್ಯಾಗ ಕುಂತು ಸನ್ನಿ ಮಾಡ್ತೀನ್ರಿ, ಈಗ ಕೈ ಬಿಚ್ಚು, ಈಗ ಬಿಡು ಅಂತ. ನೋಡ್ತಾನ, ತಲಿ ತಗ್ಗಸ್ತಾನ, ಮತ್ತ ಅದನ ಸಾದಾ ಠೇಕಾ ಬಾರಸ್ತಾನ. ನಾಳೆ ದೊಡ್ಡ ಸಂಗೀತ ಸಭಾ ಐತಿ. ತಿಳದ ಮಂದಿ ಬರ್ತಾರ. ನಾಳೆನೂ ಹಿಂಗ ಮಾಡಿದ್ರ ಇನ್ನ ಯಾವಾಗ ಮ್ಯಾಲ ಬರ್ತಾನ್ರಿ ಇಂವ? ನನಗಂತೂ ಸಾಕಾಗಿ ಹೋಗೇತಿ.”

ಗುರುಗಳು ಸುತ್ತಿಗೆಯನ್ನು ಮಗ್ಗುಲಿಗಿಟ್ಟರು. ತಬಲಾ ಬಿಟ್ಟರೆ ಅವರಿಗಿದ್ದ ಒಂದೇ ಚಟವೆಂದರೆ ರೇಡಿಯೊದಲ್ಲಿ ಕ್ರಿಕೆಟ್ ಕೇಳುವುದು. ಹಾಗಾಗಿ ಅವರ ದೃಷ್ಟಾಂತಗಳಲ್ಲಿ ದೇವರು ದಿಂಡಿರಿಗಿಂತ ಅಂಪೈರುಗಳೇ ಹೆಚ್ಚು.

“ಒಂದು ಕತಿ ಹೇಳ್ತೀನಿ. ನಡುವ ಬಾಯಿ ಹಾಕಬ್ಯಾಡ,” ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಕೊಡದ ಹೊಟ್ಟೆಗೆ ಬೆರಳಗಂಟಿನಿಂದ ಒಮ್ಮೆ ಬಡಿದರೆ ಸಾಕು, ಎಲ್ಲಿಯಾದರೂ ಸೀಳಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. ಈ ವಿದ್ಯೆಯ ಬಗ್ಗೆ ಅವನಿಗೆ ಬಹಳ ಹೆಮ್ಮೆ. ತಾನು ಒಳ್ಳೆಯದೆಂದು ಹೇಳಿ ಕೊಟ್ಟ ಕೊಡ ಯಾರ ಮನೆಯಲ್ಲಾದರೂ ಸೋರಿದರೆ ಅವತ್ತು ಅವನಿಗೆ ಊಟ ಸೇರುತ್ತಿರಲಿಲ್ಲ.

ಒಂದು ದಿನ ಅವನು ಹೈಸ್ಕೂಲು ಮೈದಾನಕ್ಕೆ ಹೋದ. ಅಲ್ಲಿ ಲೀಗ್ ಪಂದ್ಯ ಆಡಲು ಬಂದ ತಂಡಗಳ ಅಡುಗೆಗೆ ಇವನ ಅಂಗಡಿಯ ಕೊಳಗಗಳು ಬಾಡಿಗೆಗೆ ಹೋಗಿದ್ದವು. ಅವನ್ನು ತೊಳೆದು ಕೊಡುವವರೆಗೆ ಕಾಯಬೇಕಿತ್ತು. ಬಿಸಿಲಿಗೆ ಬೈಯುತ್ತ ನಿಂತವನ ಕಣ್ಣು ವಿಕೆಟ್ಟಿನ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದ ಒಬ್ಬ ಯುವಕನ ಮೇಲೆ ಬಿತ್ತು.

ಆ ಮೈದಾನದಲ್ಲಿ ಪಿಚ್ ಎಂದರೆ ಮಣ್ಣಿನ ಮೇಲೆ ಹಾಸಿ ಮೊಳೆ ಹೊಡೆದ ನಾರಿನ ಚಾಪೆ. ಮಡಿಕೆಯ ಮೇಲೆ ಬಿದ್ದ ಚೆಂಡು ಎದೆಗೆ ಹಾರುತ್ತಿತ್ತು, ಹರಿದಲ್ಲಿ ಬಿದ್ದದ್ದು ಪಾದಕ್ಕೆ ತೆವಳುತ್ತಿತ್ತು. ಬ್ಯಾಟು ಹಿಡಿದು ಬಂದವರೆಲ್ಲ ಮೈಗೆ ಪೆಟ್ಟು ತಿಂದು ಚಾಪೆ ಹಾಸಿದವನ ವಂಶವನ್ನು ನೆನೆಯುತ್ತಿದ್ದರು. ವಿಕೆಟ್‌ಕೀಪರ್ ಮಾತ್ರ ಒಂದು ಹೆಜ್ಜೆ ಆಚೆ ಹೋಗುತ್ತಿದ್ದ, ಒಂದು ಹೆಜ್ಜೆ ಈಚೆ ಬರುತ್ತಿದ್ದ, ಅಷ್ಟೇ. ನಿದ್ದೆ ಹೋದ ಕೂಸನ್ನು ಒಬ್ಬರ ತೋಳಿನಿಂದ ಇನ್ನೊಬ್ಬರು ಇಸಿದುಕೊಂಡ ಹಾಗೆ ಚೆಂಡನ್ನು ತೆಗೆದುಕೊಳ್ಳುತ್ತಿದ್ದ. ಗ್ಲೌಸಿನಲ್ಲಿ ಸಪ್ಪಳವೇ ಆಗುತ್ತಿರಲಿಲ್ಲ.

ವ್ಯಾಪಾರಿ ಕೊಳಗ ಮರೆತ. ಸಂಜೆ ಬಜಾರಿಗೆ ಬಂದವನೇ ಎಲ್ಲರ ಮುಂದೆ ಸಾರಿಬಿಟ್ಟ:

“ಇವತ್ತೊಬ್ಬ ಹುಡುಗನ್ನ ನೋಡಿ ಬಂದೆ. ಅಂವ ರಾಜ್ಯದ ತಂಡಕ್ಕ ಆಡ್ತಾನ. ಇದು ನನ್ನ ಮಾತು.”

ಬಜಾರಿನ ಜನಕ್ಕೆ ಇಂಥದ್ದೊಂದು ಸಿಕ್ಕರೆ ಬಿಡುತ್ತಾರೆಯೇ? ಅಂದಿನಿಂದ ಎದುರಾದವರೆಲ್ಲ “ಏನ್ರಿ ಸಾವ್ಕಾರ್ರ, ನಿಮ್ಮ ಕೀಪರ್ ಎಲ್ಲಿತನಕ ಬಂದ?” ಎಂದು ಕೇಳತೊಡಗಿದರು. ಲೋಟ ಕೊಳ್ಳಲು ಬಂದವರೂ ಕೇಳಿದರು. ಸೋರುವ ಕೊಡವನ್ನಾದರೆ ವಾಪಸು ಇಸಿದುಕೊಳ್ಳಬಹುದಿತ್ತು. ಆಡಿದ ಮಾತನ್ನು ಇಸಿದುಕೊಳ್ಳುವ ಹಾಗಿರಲಿಲ್ಲ. ಆ ಯುವಕ ಮೇಲೆ ಬರಲೇಬೇಕಿತ್ತು. ವ್ಯಾಪಾರಿ ಅವನ ಬೆನ್ನು ಹತ್ತಿದ.

ಲೀಗ್ ಎನ್ನುವುದು ಏಣಿಯ ಹಾಗಿರುತ್ತದೆ. ಎಲ್ಲಕ್ಕಿಂತ ಕೆಳಗೆ ಐದನೇ ಡಿವಿಷನ್. ಅಲ್ಲಿ ಚಾಪೆ ಹರಿದಿರುತ್ತದೆ, ಅಂಪೈರು ಯಾರದೋ ಸೋದರಮಾವನಾಗಿರುತ್ತಾನೆ, ಎಮ್ಮೆ ಅಡ್ಡ ಬಂದರೆ ಆಟ ನಿಲ್ಲುತ್ತದೆ. ಮೇಲೆ ಹೋದಂತೆ ಚಾಪೆ ಹೊಸದಾಗುತ್ತದೆ, ಆಮೇಲೆ ಚಾಪೆ ಹೋಗಿ ಹುಲ್ಲು ಬರುತ್ತದೆ, ಅಂಪೈರಿನ ತಲೆಗೆ ಟೊಪ್ಪಿಗೆ ಬರುತ್ತದೆ. ಯುವಕ ಈ ಏಣಿಯನ್ನು ಒಂದೊಂದೇ ಹಲ್ಲು ಹತ್ತಬೇಕಿತ್ತು. ಬೆಳಿಗ್ಗೆ ಕಾಕನ ಹಿಟ್ಟಿನ ಗಿರಣಿಯಲ್ಲಿ ದುಡಿಯುತ್ತಿದ್ದ. ಮಧ್ಯಾಹ್ನ ಗಿರಣಿಯ ಹಿಂದಿನ ಒರಟು ಕಲ್ಲಿನ ಗೋಡೆಗೆ ಚೆಂಡು ಎಸೆದು, ಅದು ಅಡ್ಡಾದಿಡ್ಡಿ ಪುಟಿದು ಬಂದಾಗ ಕಾಲು ಸರಿಸಿ ಸರಿಸಿ ಹಿಡಿಯುತ್ತಿದ್ದ. ಪಂದ್ಯವಿದ್ದ ದಿನ ಬಸ್ಸು ಹತ್ತಿ ಹೋಗುತ್ತಿದ್ದ. ಹಿಂದಿನ ಸೀಟಿನಲ್ಲಿ ವ್ಯಾಪಾರಿಯೂ ಇರುತ್ತಿದ್ದ. ತೊಡೆಯ ಮೇಲೆ ರೊಟ್ಟಿಗಂಟು, ಕಾಲ ಸಂದಿಯಲ್ಲಿ ಮಡಚುವ ಕಬ್ಬಿಣದ ಕುರ್ಚಿ.

ಆ ಕುರ್ಚಿಯ ದೆಸೆಯಿಂದ ಅಂಪೈರುಗಳಿಗೆ ಜೀವ ಬೇಸರವಾಗಿತ್ತು. ವ್ಯಾಪಾರಿಗೆ ಹುಡುಗನ ಮುಖ ಕಾಣಬೇಕು. ಮುಖ ಕಾಣಬೇಕೆಂದರೆ ಬೌಲರ್ ಓಡಿ ಬರುವ ಕಡೆ, ನೇರವಾಗಿ ಅವನ ಬೆನ್ನ ಹಿಂದೆ, ಗಡಿಯ ಗೆರೆಯಾಚೆ ಕೂರಬೇಕು. ಓವರ್ ಮುಗಿದು ಕಡೆ ಬದಲಾದರೆ ಅವನಿಗೆ ಹುಡುಗನ ಬೆನ್ನು ಕಾಣುತ್ತಿತ್ತು, ಮುಂದಿನ ಓವರಿಗೆ ಮತ್ತೆ ಮುಖ. ಆದರೆ ಬೌಲರಿನ ಕೈಯ ಹಿಂದೆ ಯಾರಾದರೂ ಅಲ್ಲಾಡಿದರೆ ಬ್ಯಾಟು ಹಿಡಿದವನಿಗೂ ಕೀಪರಿಗೂ ಚೆಂಡು ಕಾಣುವುದಿಲ್ಲ ಎಂಬುದು ಆಟ ಬಲ್ಲವರಿಗೆಲ್ಲ ಗೊತ್ತು. ಅದಕ್ಕಾಗಿಯೇ ದೊಡ್ಡ ಮೈದಾನಗಳಲ್ಲಿ ಆ ಜಾಗದಲ್ಲಿ ಬಿಳಿ ಪರದೆ ನಿಲ್ಲಿಸುತ್ತಾರೆ. ಸಣ್ಣ ಮೈದಾನಗಳಲ್ಲಿ ಪರದೆ ಇರಲಿಲ್ಲ, ವ್ಯಾಪಾರಿ ಇದ್ದ.

“ಕುರ್ಚಿ ಸಾವ್ಕಾರ್ರ, ಅತ್ಲಾಗ ಸರೀರಿ,” ಎಂದು ಅಂಪೈರು ಕೈ ಬೀಸುತ್ತಿದ್ದ.

ವ್ಯಾಪಾರಿ ಗೊಣಗುತ್ತ ಕುರ್ಚಿಯನ್ನು ಗೇಣಷ್ಟು ಸರಿಸುತ್ತಿದ್ದ. ಅಂಪೈರು ಆಚೆ ತಿರುಗಿದ ಕೂಡಲೇ ಕುರ್ಚಿ ತನ್ನ ಜಾಗಕ್ಕೆ ಬಂದಿರುತ್ತಿತ್ತು. ಯುವಕ ಇದರ ಬಗ್ಗೆ ಒಂದು ದಿನವೂ ಮಾತಾಡಲಿಲ್ಲ.

ಹುಡುಗ ಮೇಲೇನೋ ಬರುತ್ತಿದ್ದ, ಆದರೆ ತಂಡದ ಜೊತೆಗೆ ಬರುತ್ತಿದ್ದ. ತಂಡ ಗೆದ್ದರೆ ಅವನೂ ಒಂದು ಹಲ್ಲು ಮೇಲೆ, ಅಷ್ಟೇ. ಅವನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಮರುದಿನದ ಪತ್ರಿಕೆಯ ಮೂಲೆಯಲ್ಲಿ ರನ್ ಹೊಡೆದವರ ಹೆಸರು ಇರುತ್ತಿತ್ತು, ವಿಕೆಟ್ ತೆಗೆದವರ ಹೆಸರು ಇರುತ್ತಿತ್ತು. ಅಂಗಡಿಯಲ್ಲಿ ಪತ್ರಿಕೆ ಬಿಚ್ಚಿದ ವ್ಯಾಪಾರಿಯ ಮೈ ಉರಿಯುತ್ತಿತ್ತು. ಒಮ್ಮೆ ತಡೆಯಲಾಗದೆ ಮೈದಾನದಲ್ಲೇ ವರದಿಗಾರನನ್ನು ಹಿಡಿದ.

“ಕೀಪರ್ ಬಗ್ಗೆ ಒಂದು ಸಾಲರೆ ಬರೀಬಾರದೇನ್ರಿ ನೀವು?”

“ಏನಂತ ಬರೀಲ್ರಿ? ಅಲ್ಲೇನೂ ಆಗೇ ಇಲ್ಲಲ್ಲ.”

“ಏನೂ ಆಗಿಲ್ಲ ಅಂತನ ಬರೀರಿ. ಅದ ದೊಡ್ಡ ಸುದ್ದಿ.”

ವರದಿಗಾರ ಅವನನ್ನು ಮೇಲಿಂದ ಕೆಳಗೆ ನೋಡಿ ಚಹಾದ ಕಡೆ ನಡೆದ.

ಇದೆಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿಸಿದವನು ಬೇರೆ ತಂಡದ ಇನ್ನೊಬ್ಬ ಕೀಪರ್. ಅವನ ಕಾಲು ನೆಟ್ಟ ಕಂಬ. ಒಂದು ಹೆಜ್ಜೆ ಸರಿದರೆ ಸಿಗುವ ಚೆಂಡಿಗೆ ಅವನು ಅಂತರಲಾಗ ಹಾಕುತ್ತಿದ್ದ. ಬಿದ್ದು ಎದ್ದು ಅಂಗಿಯೆಲ್ಲ ಕೆಮ್ಮಣ್ಣು ಮಾಡಿಕೊಂಡು ಚೆಂಡನ್ನು ಮೇಲೆತ್ತಿ ತೋರಿಸುತ್ತಿದ್ದ. ಜನ ಹೋ ಎಂದು ಚಪ್ಪಾಳೆ ತಟ್ಟುತ್ತಿದ್ದರು. ಕೈಬಿಟ್ಟಾಗಲೂ ತಟ್ಟುತ್ತಿದ್ದರು, ಪಾಪ ಎಷ್ಟು ಒದ್ದಾಡಿದ ಎಂದು. ಅವನ ಫೋಟೋ ಪತ್ರಿಕೆಯಲ್ಲಿ ಬಂತು. ಮೇಲಿನ ಡಿವಿಷನ್ನಿನ ತಂಡವೊಂದು ಅವನನ್ನು ಕರೆದುಕೊಂಡು ಹೋಯಿತು. ಆ ದಿನ ವ್ಯಾಪಾರಿ ಅಂಗಡಿಯಲ್ಲಿ ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ. ಚೊಂಬು ಕೇಳಿದವರಿಗೆ ತಟ್ಟೆ ಕೊಟ್ಟ.

ಮುಂದಿನ ಪಂದ್ಯ ಮುಗಿಸಿ ಊರಿಗೆ ಬರುವಾಗ ಬಸ್ಸಿನಲ್ಲಿ ವ್ಯಾಪಾರಿ ಯುವಕನ ಪಕ್ಕಕ್ಕೇ ಬಂದು ಕೂತ.

“ಒಂದು ಸಲನರೆ ಹಾರಿ ಹಿಡೀಬಾರದೇನೋ ತಮ್ಮಾ?”

“ಚೆಂಡ ಕೈಗೇ ಬಂತಲ್ರೀ ಸಾವ್ಕಾರ್ರ. ಹಾರೂದ್ಯಾಕ?”

“ಕೈಗೆ ಬಂದಿದ್ದು ಯಾರಿಗಿ ಕಾಣತೈತೋ? ಅಲ್ಲೆ ಒಬ್ಬ ದನಾ ಮಣ್ಣಾಗ ಹೊಳ್ಳ್ಯಾಡಿದಂಗ ಹೊಳ್ಳ್ಯಾಡಿ ಮ್ಯಾಲ ಹೋದ. ನೀ ಹಿಂಗ ಕಳ್ಳರಗತೆ ಹಿಡದ್ರ ಸಾಯೂತನಕ ಇದ ಬಸ್ಸಿನ್ಯಾಗ ತಿರಗತಿ. ನಿನ್ನ ಸಂಗಾಟ ನಾನೂ ತಿರಗತೀನಿ.”

ಯುವಕ ನಕ್ಕ. ವ್ಯಾಪಾರಿಗೆ ಇನ್ನಷ್ಟು ಸಿಟ್ಟು ಬಂತು. ಇಳಿಯುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತ. ಇಳಿದ ಮೇಲೆ ಮಾತ್ರ, ಉಳಿದ ರೊಟ್ಟಿಯ ಗಂಟನ್ನು ಹುಡುಗನ ಚೀಲದೊಳಗೆ ತುರುಕಿದ. ಅವನಿಗೆ ಹುಡುಗನ ಮೇಲೆ ಪ್ರೀತಿ ಇತ್ತು. ಅದನ್ನು ಬೈಯದೆ ಹೇಳಲು ಬರುತ್ತಿರಲಿಲ್ಲ.

“ಸಾವ್ಕಾರ ಹೇಳಿದ್ದು ಖರೇನ ಐತಲ್ರಿ ಗುರೂಜಿ,” ಎಂದ ಮಡಿವಾಳಪ್ಪ.

“ಬಾಯಿ ಹಾಕಬ್ಯಾಡ ಅಂದಿದ್ದೆ,” ಎಂದರು ಗುರುಗಳು. ಮತ್ತೆ ಮುಂದುವರಿಸಿದರು.

ಕಡೆಗೊಂದು ವರ್ಷ ರಾಜ್ಯದ ತಂಡಕ್ಕೆ ಹೊಸಬರನ್ನು ಹುಡುಕಲು ಎರಡು ದಿನದ ಪಂದ್ಯ ಏರ್ಪಾಡಾಯಿತು. ಸುತ್ತಲಿನ ಲೀಗುಗಳಲ್ಲಿ ಆಡುವವರನ್ನು ಕರೆದರು. ಇವನನ್ನೂ ಕರೆದರು. ಯಾರು ಇವನ ಹೆಸರು ಹೇಳಿದರೋ ವ್ಯಾಪಾರಿಗೆ ಗೊತ್ತಾಗಲಿಲ್ಲ. ಬಹುಶಃ ಇವನ ತಂಡದ ಬೌಲರುಗಳೇ ಹೇಳಿರಬೇಕು. ಅದನ್ನು ಯೋಚಿಸುವಷ್ಟು ವ್ಯವಧಾನ ವ್ಯಾಪಾರಿಗೆ ಇರಲಿಲ್ಲ. ಅಂಗಡಿಗೆ ಬೀಗ ಹಾಕಿ, ಬಜಾರಿಗೆಲ್ಲ ಹೇಳಿ, ಕುರ್ಚಿ ಎತ್ತಿಕೊಂಡು ಹೊರಟ.

ಅದು ಹುಲ್ಲಿನ ಮೈದಾನ. ಎರಡೂ ಕಡೆ ಎತ್ತರದ ಬಿಳಿ ಪರದೆ. ವ್ಯಾಪಾರಿ ಪರದೆಯ ಮುಂದೆ ಕುರ್ಚಿ ಬಿಚ್ಚಿದ್ದೇ ತಡ, ಕಾವಲುಗಾರ ಕೋಲು ಹಿಡಿದು ಬಂದ. ವ್ಯಾಪಾರಿ ವಾದ ಮಾಡಿದ, ಜೋರು ಮಾಡಿದ, ಏನೂ ನಡೆಯಲಿಲ್ಲ. ಕಾವಲುಗಾರ ಕುರ್ಚಿಯನ್ನು ತಾನೇ ಎತ್ತಿ ಒಂದು ಪಕ್ಕದ ಶಾಮಿಯಾನದ ಹತ್ತಿರ ಇಟ್ಟು ಹೋದ. ಅಲ್ಲಿಂದ ಹುಡುಗನ ಮುಖವೂ ಕಾಣುತ್ತಿರಲಿಲ್ಲ, ಬೆನ್ನೂ ಕಾಣುತ್ತಿರಲಿಲ್ಲ, ಬರಿಯ ಮಗ್ಗುಲು ಕಾಣುತ್ತಿತ್ತು. ಆದರೆ ಶಾಮಿಯಾನದಲ್ಲಿ ಆಯ್ಕೆಗಾರ ಕೂತಿದ್ದ. ವ್ಯಾಪಾರಿ ಮೈದಾನ ಬಿಟ್ಟು ಅವನನ್ನೇ ನೋಡತೊಡಗಿದ.

ಆಯ್ಕೆಗಾರ ವಯಸ್ಸಾದವನು. ಕೈಬೆರಳುಗಳು ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿದ್ದವು. ಆ ಸೊಟ್ಟ ಬೆರಳುಗಳಿಂದ ಶೇಂಗಾ ಸುಲಿದು ತಿನ್ನುತ್ತ ಆಟ ನೋಡುತ್ತಿದ್ದ. ಬೌಲರನ್ನು ನೋಡಿದ. ಬ್ಯಾಟ್ಸ್‌ಮನ್ನನ್ನು ನೋಡಿದ. ಸ್ಲಿಪ್ಪಿನಲ್ಲಿ ನಿಂತವನನ್ನೂ ನೋಡಿದ. ಕೀಪರನ್ನು ಒಂದು ಸಲವಾದರೂ ನೋಡಬೇಕಲ್ಲ? ಇಲ್ಲ. ಹುಡುಗ ಆ ದಿನ ದಿನಪೂರ್ತಿ ಒಂದು ಚೆಂಡನ್ನೂ ಹಿಂದೆ ಬಿಡಲಿಲ್ಲ. ಕಾಲ ಪಕ್ಕ ತಿರುಗಿದ್ದನ್ನು ಹಿಡಿದ, ನೆಲಕ್ಕೆ ಹತ್ತಿ ಬಂದದ್ದನ್ನು ಹಿಡಿದ, ಬ್ಯಾಟಿನ ಅಂಚು ಸವರಿ ಬಂದ ಕ್ಯಾಚನ್ನು ಅಂಗಳದಲ್ಲಿ ಬಿದ್ದ ಎಲೆ ಎತ್ತಿಕೊಂಡಷ್ಟು ಸಲೀಸಾಗಿ ಹಿಡಿದ. ಅಷ್ಟಾದರೂ ಆಯ್ಕೆಗಾರ ಬೌಲರಿಗೆ ತಲೆದೂಗಿದ, ಶೇಂಗಾ ಸುಲಿದ. ವ್ಯಾಪಾರಿ ಕೆಮ್ಮಿದ. “ಕೀಪರ್ ಛಲೋ ಅದಾನಲ್ರಿ” ಎಂದು ಗಾಳಿಗೆ ಹೇಳಿದ. ಆಯ್ಕೆಗಾರ ಶೇಂಗಾ ಸಿಪ್ಪೆ ಊದಿದ.

ಸಂಜೆ ಖಾನಾವಳಿಯಲ್ಲಿ ಯುವಕ ಊಟಕ್ಕೆ ಕೂತಿದ್ದ. ವ್ಯಾಪಾರಿ ಎದುರಿಗೆ ಕೂತ. ತಾಟಿಗೆ ಕೈ ಹಾಕಲಿಲ್ಲ.

“ನಿನ್ನ ಕಡೆ ಒಂದು ಸಲನೂ ನೋಡಲಿಲ್ಲ ಆ ಮುದುಕ. ಮುಂಜಾನಿಂದ ಸಂಜಿತನಕ ನಾ ಅವನ್ನ ಕಾಯ್ದೇನಿ. ನಾಳೆ ನಾ ಹೇಳಿದಂಗ ಕೇಳಬೇಕು ನೀ. ಬಿಳಿ ಪರದೆ ಮಗ್ಗಲಕ್ಕ ಕೂಡ್ರತೀನಿ. ನಾ ಟಾವೆಲ್ ಎತ್ತಿದಾಗ ಹಾರು. ಚೆಂಡ ಕೈಗೆ ಬಂದ್ರೂ ಹಾರು.”

“ಬ್ಯಾಡ್ರಿ ಸಾವ್ಕಾರ್ರ.”

“ಇಷ್ಟು ವರ್ಷ ಅಂಗಡಿ ಬಿಟ್ಟು, ಮನಿ ಬಿಟ್ಟು ನಿನ್ನ ಬೆನ್ನ ಹತ್ತಿ ತಿರಗೇನಿ. ಮಂದಿ ಕಡೆಯಿಂದ ನಗಿಸಿಕೊಂಡೇನಿ. ನನ್ನ ಒಂದು ಮಾತಿಗಿ ಕಿಮ್ಮತ್ತಿಲ್ಲೇನು?”

ಯುವಕ ತಾಟಿನಲ್ಲಿದ್ದ ರೊಟ್ಟಿಯನ್ನು ಮುರಿದು ಸಣ್ಣ ಸಣ್ಣ ಚೂರು ಮಾಡಿದ. ಬಿಸಿಲಿನಲ್ಲಿ ಕೂತು ಕೂತು ಕಪ್ಪಾದ ವ್ಯಾಪಾರಿಯ ಮುಖವನ್ನು ಒಮ್ಮೆ ನೋಡಿದ.

“ಆತ್ರಿ,” ಎಂದ.

ಮರುದಿನ ವ್ಯಾಪಾರಿ ಬೆಳಕು ಹರಿಯುವ ಹೊತ್ತಿಗೇ ಬಂದು ಕಾವಲುಗಾರನನ್ನು ಮಾತಿಗೆಳೆದ. ಅವನ ಊರು ಕೇಳಿದ, ಮಕ್ಕಳನ್ನು ಕೇಳಿದ, ರೊಟ್ಟಿಯಲ್ಲಿ ಪಾಲು ಕೊಟ್ಟ. ಎದುರು ತಂಡದ ಬ್ಯಾಟಿಂಗ್ ಇನ್ನೂ ಮುಗಿದಿರಲಿಲ್ಲ; ಆಟ ಮತ್ತೆ ಶುರುವಾಗುವಾಗ ಕುರ್ಚಿ ಪರದೆಯ ಅಂಚಿಗೆ ಬಂದಿತ್ತು. ಸ್ವಲ್ಪ ಹೊತ್ತಿಗೆ ಅಂಚು ದಾಟಿ ಒಳಗೂ ಬಂತು. ಅಂಪೈರು ಒಮ್ಮೆ ಆಟ ನಿಲ್ಲಿಸಿ ಕೈ ಬೀಸಿದ. ಕುರ್ಚಿ ಗೇಣು ಸರಿದು ಮತ್ತೆ ಮರಳಿತು.

ಬೌಲರ್ ಓಡತೊಡಗಿದ. ವ್ಯಾಪಾರಿ ಕೆಂಪು ಟಾವೆಲ್ ಎತ್ತಿದ. ಒಂದು ಹೆಜ್ಜೆ ಸರಿದರೆ ಸಿಗುತ್ತಿದ್ದ ಚೆಂಡಿಗೆ ಯುವಕ ಅಡ್ಡಕ್ಕೆ ಹಾರಿ ಬಿದ್ದು ಹಿಡಿದ. ಸುತ್ತಲೂ ಚಪ್ಪಾಳೆ ಬಿತ್ತು. ಇಷ್ಟು ವರ್ಷಗಳಲ್ಲಿ ಆ ಹುಡುಗನಿಗೆ ಬಿದ್ದ ಮೊದಲ ಚಪ್ಪಾಳೆ ಅದು. ವ್ಯಾಪಾರಿಯ ಕಣ್ಣು ತುಂಬಿತು. ದೂರದ ಶಾಮಿಯಾನದಲ್ಲಿ ಆಯ್ಕೆಗಾರ ಶೇಂಗಾ ಬಿಟ್ಟು ತಲೆ ಎತ್ತಿದ್ದನ್ನು ಅವನು ಕಣ್ಣಾರೆ ಕಂಡ. ಇನ್ನೂ ಒಂದಷ್ಟು ಓವರ್ ಕಳೆದ ಮೇಲೆ ಮತ್ತೆ ಟಾವೆಲ್ ಎತ್ತಿದ. ಯುವಕ ಮತ್ತೆ ಹಾರಿದ, ಮತ್ತೆ ಚಪ್ಪಾಳೆ, ಆಯ್ಕೆಗಾರ ಮತ್ತೆ ತಲೆ ಎತ್ತಿದ. ನೋಡಿದೆಯಾ, ಇಷ್ಟೇ ಬೇಕಿತ್ತು, ಎಂದುಕೊಂಡ ವ್ಯಾಪಾರಿ. ಇದನ್ನು ಐದನೇ ಡಿವಿಷನ್ನಿನಲ್ಲೇ ಮಾಡಿದ್ದರೆ ಇಷ್ಟು ಬಸ್ಸು ಹತ್ತುವ ಕೆಲಸವೇ ಇರುತ್ತಿರಲಿಲ್ಲ ಎಂದು ಮನಸ್ಸಿನಲ್ಲೇ ಹುಡುಗನಿಗೆ ಬೈದ.

ಊಟದ ಹೊತ್ತು ಹತ್ತಿರವಾಗಿತ್ತು. ಎದುರು ತಂಡದ ಒಳ್ಳೆಯ ಬ್ಯಾಟ್ಸ್‌ಮನ್ ಆಡುತ್ತಿದ್ದ. ವ್ಯಾಪಾರಿಯ ಹೆಗಲಲ್ಲಿದ್ದ ಟಾವೆಲ್ ಜಾರಿತು. ಅವನು ಅದನ್ನು ಹಿಡಿಯಲೆಂದು ಕೈ ಎತ್ತಿದ, ಅಷ್ಟೇ. ಅದೇ ಗಳಿಗೆಯಲ್ಲಿ ಬೌಲರಿನ ಕೈಯಿಂದ ಚೆಂಡು ಹೊರಟಿತ್ತು. ಯುವಕನ ಕಣ್ಣು ಚೆಂಡು ಬಿಟ್ಟು ಟಾವೆಲ್ಲಿಗೆ ಹೋಯಿತು. ಹೋಗಿ ತಿರುಗಿ ಬರುವಷ್ಟರಲ್ಲಿ ಚೆಂಡು ಬ್ಯಾಟಿನ ಅಂಚು ಮುಟ್ಟಿ ಎದೆಯ ಎತ್ತರಕ್ಕೆ, ನೇರವಾಗಿ ಅವನ ಕಡೆಗೇ ಬಂದಿತ್ತು. ಗ್ಲೌಸಿನ ತುದಿಗೆ ಬಡಿದು ನೆಲಕ್ಕೆ ಬಿತ್ತು. ಆ ಹುಡುಗನ ಗ್ಲೌಸಿನಲ್ಲಿ ವ್ಯಾಪಾರಿ ಸಪ್ಪಳ ಕೇಳಿದ್ದು ಅದೇ ಮೊದಲು.

ಆಯ್ಕೆಗಾರ ಮೂರನೆಯ ಸಲ ತಲೆ ಎತ್ತಿದ.

ಸಂಜೆ ಹೆಸರುಗಳನ್ನು ಕೂಗಿ ಹೇಳಿದರು. ಕೀಪರೆಂದು ಬೇರೆ ಯಾರದೋ ಹೆಸರು ಬಂತು. ವ್ಯಾಪಾರಿ ಶಾಮಿಯಾನಕ್ಕೆ ನುಗ್ಗಿದ.

“ಅಲ್ರಿ, ನಿನ್ನಿ ಒಂದು ಸಲನರೆ ಅವನ ಕಡೆ ನೋಡಿದ್ರೇನ್ರಿ ನೀವು? ಇವತ್ತೊಂದು ಕೈಬಿಟ್ಟ ಅಂತ ತಗದ ಒಗದ್ರಿ?”

ಆಯ್ಕೆಗಾರನಿಗೆ ಸಿಟ್ಟು ಬರಲಿಲ್ಲ. ಸೊಟ್ಟ ಬೆರಳುಗಳಿಂದ ಮಡಿಲ ಸಿಪ್ಪೆ ಕೊಡವಿದ.

“ನಾನೂ ಒಂದು ಕಾಲಕ್ಕ ವಿಕೆಟ್ ಹಿಂದ ನಿಂತಾಂವ್ರಿ. ನಿನ್ನಿ ದಿನಪೂರ್ತಿ ಅವನ ಕಡೆ ನೋಡೂ ಪ್ರಸಂಗನ ಬರಲಿಲ್ಲ. ಕೀಪರ್ ಒಬ್ಬ ಅದಾನ ಅನ್ನೂದ ಮರತಿದ್ದೆ. ಸಂಜಿಗಿ ನೆನಪಾತು. ಇವನ ಬೇಕು ಅಂತ ಮನಸಿನ್ಯಾಗ ಹಾಕ್ಕೊಂಡು ಮಲಗಿದೆ. ಇವತ್ತ ನೋಡಬೇಕಾತು. ಎರಡು ಸಲ ನೋಡಿ ಸುಮ್ಮನಾದೆ. ಮೂರನೇದಕ್ಕ ತಿಳೀತು, ಅಂವ ಚೆಂಡ ಬಿಟ್ಟು ಬ್ಯಾರೆ ಯಾರನ್ನೋ ನೋಡ್ಲಿಕ್ಹತ್ಯಾನ.”

ವ್ಯಾಪಾರಿ ಹೆಗಲ ಮೇಲಿನ ಟಾವೆಲ್ಲನ್ನು ಕೆಳಗೆಳೆದ.

“ಅದು ನಾನ್ರಿ,” ಎಂದ. “ಅವನದೇನೂ ತಪ್ಪಿಲ್ರಿ. ನಾನ ಟಾವೆಲ್ ಎತ್ತಿದ್ದು.”

“ನೀವ ಇರಬಹುದು,” ಎಂದ ಆಯ್ಕೆಗಾರ. “ಆದ್ರ ನೋಡಿದಾಂವ ಅಂವ.”

ಬಸ್ಸಿನಲ್ಲಿ ಯುವಕ ಕಿಟಕಿಯ ಪಕ್ಕ ಕೂತು ಗ್ಲೌಸಿನೊಳಗೆ ಬೆರಳಿಗೆ ಸುತ್ತಿಕೊಳ್ಳುವ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದ. ವ್ಯಾಪಾರಿ ಕುರ್ಚಿಯನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದ. ಬಜಾರಿಗೆ ಏನು ಹೇಳುವುದೆಂಬುದು ಅವನ ತಲೆಯಲ್ಲಿ ಇರಲಿಲ್ಲ. ತಾನು ಒಳ್ಳೆಯದೆಂದು ಹೇಳಿದ ಕೊಡವನ್ನು ತಾನೇ ಬಡಿದು ಸೀಳಿದ್ದೆನೆಂಬ ಸಂಕಟವೊಂದೇ ಇತ್ತು. ಆದರೆ ಅವನಿಗೆ ಸಂಕಟವನ್ನು ಸಂಕಟದ ಹಾಗೆ ಹೇಳಲು ಬಾರದು. ಸಿಟ್ಟೇ ಬಾಯಿಗೆ ಬಂತು.

“ನಾ ಹೇಳಿದ್ರ ಹೇಳಿದೆ. ನಿನಗರೆ ಬುದ್ಧಿ ಬ್ಯಾಡೇನು? ಟಾವೆಲ್ ಜಾರಿತ್ತೋ ಮಾರಾಯಾ, ನಾ ಎತ್ತಿದ್ದಲ್ಲ ಅದು. ಯಾಕ ನೋಡಿದಿ ನನ್ನ ಕಡೆ?”

ಯುವಕ ಕೊನೆಯ ಪಟ್ಟಿಯನ್ನು ಸುತ್ತಿ ಜೇಬಿಗೆ ಹಾಕಿಕೊಂಡ. ಅವನ ದನಿಯಲ್ಲಿ ದೂರು ಇರಲಿಲ್ಲ.

“ಐದನೇ ಡಿವಿಷನ್ದಾಗಿಂದ ನೀವು ಅಲ್ಲೇ ಕೂಡ್ರತಿದ್ರಿ ಸಾವ್ಕಾರ್ರ. ನಿಮ್ಮನ್ನ ಕಾಣದಂಗ ಚೆಂಡ ನೋಡೂದು ಕಲೀಲಿಕ್ಕೆ ನನಗ ಭಾಳ ದಿನ ಹಿಡೀತು. ಅದ ಎಲ್ಲಾಕಿಂತ ತ್ರಾಸಿನ ಕೆಲಸಾಗಿತ್ತು. ಇವತ್ತ ನೀವ ನೋಡು ಅಂದ್ರಿ. ಒಮ್ಮಿ ಕಂಡ ಮ್ಯಾಲ ಚೆಂಡ ಕಾಣಲಿಲ್ರಿ.”

ವ್ಯಾಪಾರಿ ತೊಡೆಯ ಮೇಲಿನ ಕುರ್ಚಿಯನ್ನು ನೋಡಿದ.

ಗುರುಗಳು ಕತೆ ನಿಲ್ಲಿಸಿ ಸುತ್ತಿಗೆ ಕೈಗೆತ್ತಿಕೊಂಡರು. ತಬಲಾವನ್ನು ಮಡಿಲಿಗೆ ಎಳೆದುಕೊಂಡು, ಎಲ್ಲಿ ಬಿಟ್ಟಿದ್ದರೋ ಅಲ್ಲಿಂದ ಅಂಚು ತಟ್ಟತೊಡಗಿದರು. ಮಡಿವಾಳಪ್ಪನಿಗೆ ಕತೆ ಮುಗಿಯಿತೆಂದು ಅನ್ನಿಸಲಿಲ್ಲ.

“ಮುಂದಿನ ವರ್ಷ ಆ ಹುಡುಗ ಆರಿಸಿ ಬಂದನೇನ್ರಿ ಗುರೂಜಿ?”

ಗುರುಗಳು ಒಮ್ಮೆ ತಟ್ಟಿ, ಕಿವಿಗೊಟ್ಟು, ಸುತ್ತಿಗೆ ತಡೆದರು.

“ನಾಳೆ ಸಭಾದಾಗ ನೀ ಎಲ್ಲಿ ಕೂಡ್ರತಿ, ಮಡಿವಾಳಪ್ಪ?”

“ಮುಂದಿನ ಸಾಲಿನ್ಯಾಗ…” ಎಂದವನೇ ಮಡಿವಾಳಪ್ಪ ನಾಲಿಗೆ ಕಚ್ಚಿಕೊಂಡ.